ಎಸಿಪಿ ಹೊದಿಸುವುದೋ, ಎಲೆಕ್ಟ್ರಿಕ್ ಡಕ್ಟ್ ಮುಚ್ಚಿಸುವುದೋ: ಮೊದಲು ಯಾವುದು?

ಚಂದ್ರಗಿರಿ_ತೀರ
ಕಾಸರಗೋಡು ಪೇಟೆ ಸಮೀಪದ ಫ್ಲ್ಯಾಟು, ತಳ ಸೇರಿ 11 ಮಹಡಿ. ಮಳೆಗಾಲದಲ್ಲಿ ಪಡುಗೋಡೆಯಲ್ಲಿ ನೀರು ಒಸರುತ್ತದೆಂದು ಆ ಬದಿಗೆ ಪೂರಾ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್ ಎಂಬ ಹಾಳೆ) ಹೊದಿಸಲು ಅಸೋಸಿಯೇಶನ್‌ನವರು ಕೊಟೇಶನ್ ತರಿಸಿದ್ದಾರೆ. ಅದರಲ್ಲಿ ಬರೆದಿರುವುದು "4 ಮಿ.ಮೀ., ಎಫ್‌ಆರ್" ಅಂತಷ್ಟೆ. ಇತ್ತ ಮಹಡಿಗಳಿಗೆ ಕೇಬಲ್ ಹೋಗುವ ಎಲೆಕ್ಟ್ರಿಕ್ ಡಕ್ಟ್ ಮೀಟರ್ ರೂಮಿನಿಂದ ಟೆರೇಸಿನವರೆಗೆ ಬಾವಿಯ ಹಾಗೆ ತೆರೆದೇ ಇದೆ, ಬಾಗಿಲುಗಳು ಪ್ಲೈವುಡ್ಡಿನವು. ಎರಡೂ ಕೆಲಸಕ್ಕೆ ಒಟ್ಟಿಗೆ ದುಡ್ಡಿಲ್ಲ. ಬೆಂಕಿಯ ದೃಷ್ಟಿಯಿಂದ ಯಾವುದು ಮೊದಲು? ಲಂಡನ್ನಿನ ಗ್ರೆನ್‌ಫೆಲ್ ಕಟ್ಟಡ ಉರಿದದ್ದು ಎಸಿಪಿಯಿಂದ ಅಲ್ಲವೇ?

ಮಂಜೇಶ್ವರ_ಫಸಾಡ್
ಹೌದು, ಆದರೆ ಬೆಂಕಿ ಹುಟ್ಟಿದ್ದು ಎಸಿಪಿಯಲ್ಲಿ ಅಲ್ಲ. 2017ರ ಜೂನ್ 14ರಂದು 4ನೇ ಮಹಡಿಯ ಅಡುಗೆಮನೆಯ ಫ್ರಿಜ್‌ನಲ್ಲಿ. ಕಿಟಕಿಯ ಸುತ್ತ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ ಮತ್ತು ಫೋಮ್ ದಾಟಿ ಅದು ಹೊರಗಿನ ಹೊದಿಕೆಗೆ ಹತ್ತಿತು. ಅಗ್ನಿಶಾಮಕ ದಳಕ್ಕೆ ಮೊದಲ ಕರೆ ಹೋದದ್ದು ರಾತ್ರಿ 12.54ಕ್ಕೆ, 1.27ರ ಹೊತ್ತಿಗೆ ಬೆಂಕಿ 24 ಮಹಡಿಯ ನೆತ್ತಿ ಮುಟ್ಟಿತ್ತು. ಸತ್ತವರು 72 ಮಂದಿ.

ಕಾರಣ ಹಾಳೆಯ ಒಡಲಲ್ಲಿದೆ. ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪಾಲಿಎಥಿಲೀನ್. ಕಿಲೋ ಲೆಕ್ಕದಲ್ಲಿ ಅದು ಕೊಡುವ ಶಾಖ ಹೆಚ್ಚುಕಡಿಮೆ ಡೀಸೆಲ್‌ನಷ್ಟೇ. 130 ಡಿಗ್ರಿ ಆಸುಪಾಸಿನಲ್ಲಿ ಕರಗಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಹಾಗಾಗಿ ಬೆಂಕಿ ಮೇಲಕ್ಕೂ ಏರುತ್ತದೆ, ಕೆಳಕ್ಕೂ ಇಳಿಯುತ್ತದೆ. ಹಾಳೆಗೂ ಗೋಡೆಗೂ ನಡುವೆ ಇರುವ ಸಂದು ಗಾಳಿಯನ್ನು ಎಳೆದುಕೊಂಡು ಉರಿಗೆ ಕೊಡುತ್ತದೆ. ದುಬೈಯ ಟಾರ್ಚ್ ಟವರ್ 2015ರಲ್ಲೂ 2017ರಲ್ಲೂ ಹೊರಮೈಯಲ್ಲೇ ಹೊತ್ತಿಕೊಂಡದ್ದು ನಮ್ಮ ಕಡೆಯ ಗಲ್ಫಿನವರಿಗೆಲ್ಲ ಗೊತ್ತು.

"ಎಫ್‌ಆರ್" ಎಂಬ ಎರಡಕ್ಷರ ನಂಬಬೇಡಿ. ಎಫ್‌ಆರ್ ಅಂದರೆ ಉರಿಯುವುದು ನಿಧಾನ ಅಂತ, ಉರಿಯುವುದೇ ಇಲ್ಲ ಅಂತ ಅಲ್ಲ. ನೀವು ಕೊಳ್ಳುವ ಅದೇ ಹಾಳೆಗೆ ಯುರೋಪಿನ ಬೆಂಕಿ ಮಾನದಂಡ ಇಎನ್ 13501-1ರ ಪ್ರಕಾರ ಎ2 ದರ್ಜೆಯ (ಬಹುಮಟ್ಟಿಗೆ ಉರಿಯದ) ಪರೀಕ್ಷಾ ವರದಿ ಕೇಳಿ. ಸೈಟಿಗೆ ಮಾಲು ಬಂದ ಮೇಲೆ ಯಾವುದಾದರೊಂದು ಹಾಳೆಯಿಂದ ತುಂಡು ಕತ್ತರಿಸಿ, ಒಡಲನ್ನಷ್ಟೇ ಕೆರೆದು ತೆಗೆದು, ಬಯಲಲ್ಲಿ ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಮೇಣದ ವಾಸನೆ ಬಂದು ಹನಿ ಉದುರಿದರೆ ಲಾರಿ ಸಮೇತ ವಾಪಸ್ ಕಳಿಸಿ. ಹನಿ ಬೀಳಲಿಲ್ಲ ಅಂದಮಾತ್ರಕ್ಕೆ ಪಾಸು ಅಂತಲ್ಲ, ವರದಿ ಬೇಕೇ ಬೇಕು. ಪ್ರತಿ ಸ್ಲ್ಯಾಬಿನ ಮಟ್ಟದಲ್ಲಿ ಆ ಸಂದನ್ನು ಮಿನರಲ್ ವೂಲ್ (ಉರಿಯದ ಕಲ್ಲುನಾರು) ತಡೆಯಿಂದ ಮುಚ್ಚುವುದೂ ಕೊಟೇಶನ್ನಿನಲ್ಲಿ ಬರಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು ಅದೇ.

ಅಸಲಿಗೆ ನೀರು ಒಸರುವುದಕ್ಕೆ ಎಸಿಪಿ ಮದ್ದೇ ಅಲ್ಲ ಮಾರಾಯ್ರೆ. ಬಿರುಕು ತುಂಬಿ, ಸಾರಣೆ ಸರಿಮಾಡಿ, ಹೊರಗೋಡೆಯ ವಾಟರ್‌ಪ್ರೂಫ್ ಪೈಂಟ್ ಹೊಡೆಸಿ. ಎಸಿಪಿಯ ಸಿಲಿಕೋನ್ ಜೋಡಣೆ ಬಿಟ್ಟ ದಿನ ನೀರು ಒಳಗೆ ಹೋಗುತ್ತದೆ, ಎಲ್ಲಿಂದ ಅಂತ ಹುಡುಕಲೂ ಆಗುವುದಿಲ್ಲ.

ಉಪ್ಪಳ_ವಯರಿಂಗ್
ಡಕ್ಟ್ ಮೊದಲು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್, 2010ರ ಫೆಬ್ರವರಿ 23. ಅಲ್ಲಿ ಎಸಿಪಿಯ ಮಾತೇ ಇಲ್ಲ. ಬೆಂಕಿ ಎಲೆಕ್ಟ್ರಿಕ್ ಡಕ್ಟಿನದು, ಮಹಡಿಗಳಿಗೆ ತುಂಬಿದ್ದು ಹೊಗೆ. 9 ಜನ ಸತ್ತರು, ಅವರಲ್ಲಿ ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು.

ಡಕ್ಟಿನಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಸಡಿಲ ಜಾಯಿಂಟಿನಲ್ಲಿ. ಕರೆಂಟ್ ಎರಡು ಪಟ್ಟಾದರೆ ಆ ಜಾಗದ ಶಾಖ ನಾಲ್ಕು ಪಟ್ಟು. ಮನೆಗೊಂದು ಎಸಿ ಇದ್ದಲ್ಲಿ ಈಗ ಮೂರು, ಮೇಲೆ ಗೀಸರ್, ಇಂಡಕ್ಷನ್. ಮಹಡಿಗಳಿಗೆ ಕರೆಂಟ್ ಒಯ್ಯುವ ರೈಸಿಂಗ್ ಮೇನ್ ಮಾತ್ರ ಹಳೆಯದೇ. ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಬಸ್‌ಬಾರಿಗೆ (ಕರೆಂಟ್ ಹಂಚುವ ಪಟ್ಟಿಗೆ) ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ, ಕೇಬಲ್ ತುದಿಯ ಕೊಂಡಿ) ಇಲ್ಲದೆ ಬಿಗಿದಿದ್ದರೆ ನಮ್ಮ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿದು ಕಾಯುತ್ತದೆ. ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಎಂಸಿಬಿ ಪದೇ ಪದೇ ಬೀಳುತ್ತದೆಂದು 16 ಆಂಪಿಯರಿನದ್ದು ತೆಗೆದು 32ರದ್ದು ಹಾಕುವವರಿದ್ದಾರೆ. ಆಮೇಲೆ ಸುಡುವುದು ವಯರೇ.

ಮಾಡಬೇಕಾದದ್ದು: ಸಂಜೆ 7ರಿಂದ 10ರೊಳಗೆ ಲೋಡ್ ಇರುವಾಗ ಥರ್ಮಲ್ ಕ್ಯಾಮೆರಾದಲ್ಲಿ ಪ್ಯಾನೆಲ್ ಮತ್ತು ಜಾಯಿಂಟುಗಳನ್ನು ನೋಡಿಸಿ. ಒಂದು ಫೇಸಿನ ಲಗ್ ಪಕ್ಕದ್ದಕ್ಕಿಂತ ಗಣನೀಯವಾಗಿ ಬಿಸಿ ಕಂಡರೆ ಮರುದಿನ ಸಪ್ಲೈ ಆಫ್ ಮಾಡಿಸಿ ಲಗ್ ಬದಲಿಸಿ. ಬರೀ ಬೋಲ್ಟ್ ಬಿಗಿದರೆ ಸಾಲದು. ಆಮೇಲೆ ಪ್ರತಿ ಸ್ಲ್ಯಾಬಿನಲ್ಲಿ ಕೇಬಲ್ ಸುತ್ತಲಿನ ತೂತನ್ನು ಮುಚ್ಚಬೇಕು. ಮಿನರಲ್ ವೂಲ್ ಒತ್ತಿ ತುಂಬಿ, ಮೇಲೂ ಕೆಳಗೂ ಫೈರ್ ಸೀಲೆಂಟ್ ಬಳಿಯಬೇಕು. ಪ್ಲೈವುಡ್ ಬಾಗಿಲು ಹೋಗಿ ಎರಡು ಗಂಟೆ ಬೆಂಕಿ ತಾಳುವ ಬಾಗಿಲು ಬರಬೇಕು. ಒಳಗೆ ಪೊರಕೆ, ಪೈಂಟ್ ಡಬ್ಬ, ಹಳೇ ಚಪ್ಪಲಿ ಇಟ್ಟಿದ್ದರೆ ಇವತ್ತೇ ತೆಗೆಸಿ, ಅದಕ್ಕೆ ಮೀಟಿಂಗ್ ಬೇಡ.

ಚಂದ್ರಗಿರಿ_ತೀರ
ಇಬ್ಬರಿಗೂ ಉಪಕಾರ. ತೂತಿಗೆ ಸ್ಪ್ರೇ ಫೋಮ್ ಹೊಡೆದರೆ ಸಾಕು, ಅಗ್ಗ ಅಂತ ಕಾರ್ಯದರ್ಶಿ ಹೇಳುತ್ತಾರೆ. ಇಂಟರ್‌ನೆಟ್ ಕೇಬಲಿನವರು ತಿಂಗಳಿಗೊಮ್ಮೆ ಬಂದು ಕೊರೆಯುವುದೂ ಇದೆ.

ಉಪ್ಪಳ_ವಯರಿಂಗ್
ಬಾಗಿಲಿನ ಚೌಕಟ್ಟಿಗೆ ಹೊಡೆಯುವ ಮಾಮೂಲಿ ಪಿಯು ಫೋಮ್ ತಾನೇ ಉರಿಯುತ್ತದೆ, ವಿಷದ ಹೊಗೆಯನ್ನೂ ಬಿಡುತ್ತದೆ. ಬೇಡವೇ ಬೇಡ. ಕೇಬಲಿನವರಿಗಾಗಿ ಪ್ರತಿ ಮಹಡಿಯಲ್ಲಿ ಒಂದು ಕಡೆ ಫೈರ್ ಪಿಲ್ಲೋ (ತೂತಿಗೆ ತುರುಕುವ, ಬೆಂಕಿ ತಡೆಯುವ ದಿಂಬು) ಇಡಿಸಿ. ತೆಗೆದು ವಯರ್ ಎಳೆದು ಮತ್ತೆ ತುರುಕಬಹುದು. ಡಕ್ಟಿನ ಕೀಲಿ ಸೆಕ್ಯುರಿಟಿ ಹತ್ತಿರವೇ ಇರಲಿ. ಕೆಲಸ ಮುಗಿದ ಮೇಲೆ ಫೋಟೊ ತೋರಿಸದೆ ಕೀಲಿಯ ರಿಜಿಸ್ಟರಿನಲ್ಲಿ ಸಹಿ ಹಾಕಿಸಬಾರದು.

ಪಂಪ್‌ಹೌಸ್
ಇಬ್ಬರೂ ಬೆಂಕಿ ನಂದಿಸುವ ನೀರಿನ ಸುದ್ದಿ ಎತ್ತಲಿಲ್ಲ. ಪಂಪ್ ಪ್ಯಾನೆಲಿನ ಸ್ವಿಚ್ "ಆಟೋ"ದಲ್ಲಿದೆಯಾ ನೋಡಿ. ಎಲ್ಲೋ ಒಂದು ವಾಲ್ವ್ ಸೋರಿದರೆ ಪೈಪಿನ ಒತ್ತಡ ಕಾಯುವ ಪುಟ್ಟ ಜಾಕಿ ಪಂಪ್ ರಾತ್ರಿಯಿಡೀ ಆನ್-ಆಫ್ ಆಗಿ ನಿದ್ದೆ ಕೆಡಿಸುತ್ತದೆ, ಆಗ ಯಾರೋ "ಮ್ಯಾನುವಲ್"ಗೆ ತಿರುಗಿಸಿ ಬಿಡುತ್ತಾರೆ. ಸೋರಿಕೆ ನಿಲ್ಲಿಸಿ ಅಂದರೆ ಕಿವಿಗೆ ಹಾಕಿಕೊಳ್ಳುವವರಿಲ್ಲ. ಏಪ್ರಿಲ್-ಮೇ ಬಂತೆಂದರೆ ಬೆಂಕಿಗೆಂದು ಮೀಸಲಿಟ್ಟ ನೀರೂ ಬಚ್ಚಲಿಗೆ ಹೋಗುತ್ತದೆ. ಮನೆಬಳಕೆಯ ಸಕ್ಷನ್ ಪೈಪನ್ನು ಆ ಮೀಸಲಿನ ಮಟ್ಟಕ್ಕಿಂತ ಮೇಲೆ ಏರಿಸಿ, ಟ್ಯಾಂಕರ್ ನೀರು ತರಿಸುವ ಗಲಾಟೆಯಲ್ಲೂ ಅದು ಉಳಿಯುತ್ತದೆ.

ಟೆರೇಸ್ ಟ್ಯಾಂಕ್ ಇದೆಯಲ್ಲ ಎಂಬ ಧೈರ್ಯ ಬೇಡ. 10 ಮೀಟರ್ ಎತ್ತರಕ್ಕೆ ಸಿಗುವುದು 1 ಬಾರ್ ಒತ್ತಡ. ಹಾಗಾಗಿ ಪಂಪಿಲ್ಲದೆ ಮೇಲಿನ ಎರಡು ಮಹಡಿಗೆ ಬರೀ ಹರಿಯುವ ನೀರು. ತಿಂಗಳಿಗೊಮ್ಮೆ ಮೇಲ್ಮಹಡಿಯ 63 ಮಿ.ಮೀ. ವಾಲ್ವಿಗೆ ಹೋಸ್ ಜೋಡಿಸಿ ತೆರೆಯಿರಿ. ನೀರು ಹೋಗುತ್ತಿರುವಾಗಲೇ ಗೇಜ್ 3.5 ಬಾರ್ ತೋರಿಸಬೇಕು. ಆಮೇಲೆ ಕರೆಂಟ್ ಪಂಪ್ ಆಫ್ ಮಾಡಿ ಡೀಸೆಲ್ ಪಂಪ್ ತಾನಾಗಿ ಎದ್ದುಕೊಳ್ಳುತ್ತದೆಯೇ ನೋಡಿ. ಏಳದಿದ್ದರೆ ಮೊದಲು ಬ್ಯಾಟರಿ. ಹೋಸ್ ಬಾಕ್ಸುಗಳನ್ನೂ ತೆರೆದು ನೋಡಿ, ಹಿತ್ತಾಳೆಯ ನಾಝಲ್ ಗುಜರಿಗೆ ಹೋಗಿರುವುದು ಹೊಸ ಸಂಗತಿಯೇನಲ್ಲ.