ಪಾತ್ರೆ ಕೊಟ್ಟವರು ಯಾರು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕಳೆದ ಭಾನುವಾರ ನಡೆದ ಮಾತುಕತೆ ಇದು. ಸಂಬಂಧಪಟ್ಟವರನ್ನೆಲ್ಲ ಕೇಳಿಯೇ ಹಾಕುತ್ತಿದ್ದೇನೆ. ರಾಜಣ್ಣ ದೊಡ್ಡಪ್ಪನ ಮಗ, ಬಾಬಣ್ಣ ಚಿಕ್ಕಮ್ಮನ ಮಗ. ಮಧ್ಯೆ ಮಧ್ಯೆ ಬಂದ ಶುಭೋದಯದ ಹೂವುಗಳನ್ನು ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.

ಸಣ್ಣತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) *1920ರಲ್ಲಿ ಲಂಡನ್ನಿನ ಜಾರ್ಜ್ ಮುಲ್ಲರ್ ಎಂಬ ದೇವಭಕ್ತರ ಅನಾಥಾಲಯದಲ್ಲಿ ಮಕ್ಕಳಿಗೆ ಕೊಡಲು ಒಂದು ತುತ್ತೂ ಇರಲಿಲ್ಲ. ಖಾಲಿ ತಟ್ಟೆಗಳ ಮುಂದೆ ಮಕ್ಕಳನ್ನು ಕೂರಿಸಿ ಸ್ತೋತ್ರ ಹೇಳಿದರು. ಆಮೆನ್ ಅನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು! ರೊಟ್ಟಿ ಬಂತು! ಹಾಲೂ ಬಂತು! ನಿಮ್ಮ ಕಷ್ಟವೂ ಇಂದೇ ತೀರುತ್ತದೆ. 12 ಜನರಿಗೆ ಕಳುಹಿಸಿ, 12 ಗಂಟೆಯೊಳಗೆ ಹಣದ ಅದ್ಭುತ ಕಾಣುವಿರಿ. ತಡೆದವರು ಆಶೀರ್ವಾದ ಕಳೆದುಕೊಳ್ಳುವರು.*

ದೊಡ್ಡಪ್ಪ: ಆಮೆನ್ 🙏 ಯೆಹೋವ ಯೀರೆ, ಕರ್ತನೇ ಒದಗಿಸುವನು.

ರಾಜಣ್ಣ: ಆಮೆನ್ ಅತ್ತೆ 🙏🙏

ಚಿಕ್ಕಮ್ಮ: 🙏

ಬಾಬಣ್ಣ: ಅತ್ತೆ, ಇದನ್ನ ಓದಿ ಕಳಿಸಿದ್ರಾ ಇಲ್ಲ ಹಾಗೇ ತಳ್ಳಿದ್ರಾ? ಮುಲ್ಲರ್ ಇದ್ದದ್ದು ಲಂಡನ್ನಲ್ಲಿ ಅಲ್ಲ, ಬ್ರಿಸ್ಟಲ್‌ನಲ್ಲಿ. ತೀರಿಕೊಂಡದ್ದು 1898ರಲ್ಲಿ. 1920ರಲ್ಲಿ ಯಾರನ್ನ ಕೂರಿಸಿ ಸ್ತೋತ್ರ ಹೇಳಿಸಿದ್ರು? ಇದು ಎಲ್ಲಿಂದ ಬಂತು, ಮೂಲ ಏನು, ಯಾರಾದ್ರೂ ಹೇಳ್ತೀರಾ?

ಸಣ್ಣತ್ತೆ: ಪ್ರಾರ್ಥನಾ ಗುಂಪಿನಲ್ಲಿ ಬಂತು ಕಣೋ. ಒಳ್ಳೇದು ಅನ್ನಿಸ್ತು, ಕಳಿಸಿದೆ.

ಬಾಬಣ್ಣ: ಒಳ್ಳೇದು ಅನ್ನಿಸಿದ್ರೆ ಸತ್ಯ ಆಗಿಬಿಡುತ್ತಾ? 12 ಜನಕ್ಕೆ ಕಳಿಸಿದ್ರೆ ದೇವರು ದುಡ್ಡು ಹಾಕ್ತಾನಾ? ಇದು ನಂಬಿಕೆಯಲ್ಲ ಅತ್ತೆ, ಹೆದರಿಸೋದು. ಕೊನೇ ಸಾಲು ನೋಡಿ.

ದೊಡ್ಡಪ್ಪ: ಬಾಬು, ದೊಡ್ಡವರ ಜೊತೆ ಮಾತಾಡುವ ರೀತಿ ಇದಲ್ಲ. ನಿನ್ನ ಓದು ನಿನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡು. ಆಕಾಶದ ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ. ಅವನ್ನು ಸಾಕುವಾತ ನಮ್ಮನ್ನು ಬಿಟ್ಟಾನೆಯೇ? ಕಷ್ಟ ಬಂದಾಗ ಮನುಷ್ಯರ ಕಡೆಗೆ ನೋಡುವುದೇ ನಂಬಿಕೆಯ ಕೊರತೆ. ಮೊದಲು ಇಸವಿ ಬಿಡು, ಒಳಗಿನ ಸಂದೇಶ ನೋಡು.

ಬಾಬಣ್ಣ: ಒಳಗಿನ ಸಂದೇಶ ನನಗೆ ಚೆನ್ನಾಗಿ ಗೊತ್ತು ದೊಡ್ಡಪ್ಪ. ನಮ್ಮ ಮನೆಗೆ ಒಂದ್ಸಲ ಬಂದಿತ್ತು.

ಇಲ್ಲಿಂದ ಒಂದು ತಾಸು ಯಾರೂ ಮಾತಾಡಲಿಲ್ಲ. ಬಾಬಣ್ಣ ಏನು ಹೇಳಿದ ಅಂತ ಚಿಕ್ಕಮ್ಮನಿಗೂ ನನಗೂ ಗೊತ್ತಿತ್ತು, ಬಹುಶಃ ಎಲ್ಲರಿಗೂ ಗೊತ್ತಿತ್ತು. ಮೌನ ಮುರಿದವನು ರಾಜಣ್ಣ. ಜಗಳ ಕಾವೇರಿದಾಗಲೆಲ್ಲ ಹಳೇ ಕಾಲಕ್ಕೆ ಹೋಗುವುದು ಅವನ ರೂಢಿ.

ರಾಜಣ್ಣ: ಅಜ್ಜಿ ಇದ್ದಿದ್ರೆ ಇಷ್ಟೊತ್ತಿಗೆ ಇಬ್ಬರ ಕಿವೀನೂ ಹಿಂಡಿರೋರು. ಅಜ್ಜಿ ಪ್ರಾರ್ಥನೆ ಪುಸ್ತಕ ನೆನಪಿದೆಯಾ? ಪೆನ್ಸಿಲ್ಲಿಗೆ ದಾರ ಕಟ್ಟಿ ಪುಸ್ತಕಕ್ಕೆ ನೇತುಹಾಕಿರೋರು. ನಾವು ಎಳೆದು ಎಳೆದು ಬೈಸಿಕೊಳ್ತಿದ್ವಿ. ಕತ್ತಲಲ್ಲಿ ಎದ್ದು ಮೊಣಕಾಲೂರಿ ನಮ್ಮೆಲ್ಲರ ಹೆಸರು ಒಂದೊಂದಾಗಿ ಹೇಳೋರು, ನನ್ನ ಹೆಸರು ಬರೋವರೆಗೆ ನಾನು ನಿದ್ದೆ ಬಂದ ಹಾಗೆ ನಟಿಸ್ತಾ ಮಲಗಿರ್ತಿದ್ದೆ.

ಸಣ್ಣತ್ತೆ: ಅಮ್ಮ 😢 ಆ ಪುಸ್ತಕ ಯಾರ ಹತ್ರ ಇದೆ?

ರಾಜಣ್ಣ: ನಮ್ಮ ಬೀರೂಲೇ ಇದೆ ಅತ್ತೆ. ತಾಳಿ, ಫೋಟೋ ಹಾಕ್ತೀನಿ.

ಬಾಬಣ್ಣ: ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು! ನಾನು ಕೇಳಿದ್ದು ಮೂಲ.

ರಾಜಣ್ಣ: (ಫೋಟೋ)

ಫೋಟೋದಲ್ಲಿದ್ದ ಪುಟದಲ್ಲಿ ಪೆನ್ಸಿಲ್ ಅರ್ಧ ಮಾಸಿತ್ತು, ಆದರೂ ಓದಬಹುದಿತ್ತು. ಎಡಗಡೆ ಬೇಡಿಕೆ, ಬಲಗಡೆ ಉತ್ತರ.

*ದೊಡ್ಡವನ ಕಾಲೇಜು ಫೀಸು — ತಮ್ಮ ತಂದುಕೊಟ್ಟ. ಸ್ತೋತ್ರ.*
*ಮನೆ ಬಾಡಿಗೆ — ಪಕ್ಕದ ಮನೆಯಾಕೆ ಕೊಟ್ಟಳು. ಬಡ್ಡಿ ಬೇಡ ಅಂದಳು. ಸ್ತೋತ್ರ.*
*ಸಣ್ಣವಳ ಜ್ವರ — ಬೆಳಗಿನ ಜಾವ ಇಳಿಯಿತು. ಸ್ತೋತ್ರ.*

ದೊಡ್ಡಪ್ಪ: ಅಮ್ಮನ ಅಕ್ಷರ. ನೋಡಿ ಮಕ್ಕಳೇ, ನಂಬಿಕೆ ಅಂದರೆ ಇದು. ಒಂದೊಂದು ಬೇಡಿಕೆಗೂ ಕರ್ತನು ಉತ್ತರ ಕೊಟ್ಟಿದ್ದಾನೆ.

ಬಾಬಣ್ಣ: ದೊಡ್ಡಪ್ಪ, ಮೊದಲನೇ ಸಾಲು ಇನ್ನೊಮ್ಮೆ ಓದಿ. ನಿಮ್ಮ ಫೀಸು ಕಟ್ಟಿದ್ದು ಅಜ್ಜಿಯ ತಮ್ಮ. ಮನುಷ್ಯರ ಕಡೆಗೆ ನೋಡೋದು ನಂಬಿಕೆಯ ಕೊರತೆ ಅಂತ ಈಗ ತಾನೇ ಬರೆದಿರಲ್ಲ?

ದೊಡ್ಡಪ್ಪ: ಅಮ್ಮ ಮನುಷ್ಯರನ್ನು ಕೇಳಲಿಲ್ಲ. ದೇವರನ್ನು ಕೇಳಿದರು. ದೇವರು ಮಾಮನ ಮನಸ್ಸನ್ನು ಎಬ್ಬಿಸಿದನು. ಮುಲ್ಲರ್ ಕೂಡ ಯಾರ ಮುಂದೂ ಕೈಚಾಚಲಿಲ್ಲ, ಅದು ಚರಿತ್ರೆ.

ಬಾಬಣ್ಣ: ಅದು ನಿಜ. ಪೂರ್ತಿ ಚರಿತ್ರೆ ಇನ್ನೂ ಸ್ವಲ್ಪ ಇದೆ. ಮುಲ್ಲರ್ ಮೊದಲ ಮನೆ ತೆರೆದದ್ದು 1836ರಲ್ಲಿ, ವಿಲ್ಸನ್ ಸ್ಟ್ರೀಟ್‌ನಲ್ಲಿ. ಆಮೇಲೆ ಆ್ಯಶ್ಲೀ ಡೌನ್‌ನಲ್ಲಿ 1849ರಿಂದ 1870ರೊಳಗೆ ಐದು ದೊಡ್ಡ ಕಟ್ಟಡ, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಸಾಲ ಮಾಡಲ್ಲ ಅಂತ ಹಟ ಹಿಡಿದಿದ್ರು. ಬಂದ ಕಾಸಿಗೆಲ್ಲ ರಸೀದಿ, ಲೆಕ್ಕ, ವರ್ಷಾವರ್ಷ ಅಚ್ಚಾದ ವರದಿ. ಆ ವರದಿ ಓದಿದ ಜನ ಕಳಿಸ್ತಿದ್ರು. ಯಾರ ಮನೆ ಬಾಗಿಲಿಗೂ ಹೋಗಿ ಬೇಡಲಿಲ್ಲ, ಒಪ್ಪಿದೆ. ಆದರೆ ಕಳಿಸಿದವರು ಇದ್ದರಲ್ಲ? ಈ ಫಾರ್ವರ್ಡಿನಲ್ಲಿ ಅವರು ಎಲ್ಲಿ? ರೊಟ್ಟಿ ತಾನಾಗೇ ನಡೆದು ಬಂದ ಹಾಗಿದೆ.

ಬಾಬಣ್ಣ ಸಿಟ್ಟಿನಲ್ಲಿ ಬರೆದದ್ದು ನಿಜ, ಆದರೆ ಅವನ ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬಂದದ್ದು ಬೇರೆಯೇ ಲೆಕ್ಕ.

ದೊಡ್ಡಪ್ಪ: ಇಷ್ಟು ತಿಳಿದವನು ನಿನ್ನ ತಂದೆ ಮಲಗಿದ್ದಾಗ ಪ್ರಾರ್ಥನೆಗೆ ಯಾಕೆ ಬರಲಿಲ್ಲ? ನಾನು ಉಪವಾಸ ಕೂತಿದ್ದೆ.

ಬಾಬಣ್ಣ: ನಾನು ಆಸ್ಪತ್ರೆ ಕಾರಿಡಾರಲ್ಲಿ ಕೂತಿದ್ದೆ ದೊಡ್ಡಪ್ಪ. ಬಿಲ್ ಹಿಡ್ಕೊಂಡು.

ರಾಜಣ್ಣ: ಬೇಡ, ಈ ವಿಷಯ ಬೇಡ. ಬಾಬು, ಅಪ್ಪ, ಇಬ್ರೂ ಬಿಡಿ.

ಚಿಕ್ಕಮ್ಮ: ಬರಲಿ ರಾಜು. ಇಷ್ಟು ವರ್ಷ ಒಳಗೇ ಇತ್ತು.

ಚಿಕ್ಕಮ್ಮ: ಭಾವ, ನೀವು ಹಣ ಕೊಡಲಿಲ್ಲ ಅಂತ ನನಗೆ ಬೇಸರವಿಲ್ಲ. ನಿಮ್ಮ ಕೈಯಲ್ಲೂ ಆಗ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೆ ಮಂಚದ ಪಕ್ಕ ನಿಂತು ಒಂದು ಮಾತು ಅಂದಿರಿ. ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು, ಅದಕ್ಕೇ ಅದ್ಭುತ ತಡವಾಗ್ತಿದೆ ಅಂತ. ಅವರಿಗೆ ಎಚ್ಚರವಿತ್ತು, ಕೇಳಿಸಿಕೊಂಡರು. ನೀವು ಹೋದ ಮೇಲೆ ನನ್ನ ಕೈ ಹಿಡಿದು, "ನನಗೇ ನಂಬಿಕೆ ಕಡಿಮೆಯಾಯ್ತೇನೋ" ಅಂದರು. ಆ ಮನುಷ್ಯ ಸಾಯುವಾಗ ನೋವಿನ ಮೇಲೆ ಇದೊಂದು ಅಪರಾಧ ಹೊತ್ತುಕೊಂಡು ಹೋದರು.

ಚಿಕ್ಕಮ್ಮ: ನನ್ನ ನಂಬಿಕೆ ಎಲ್ಲೂ ಹೋಗಿಲ್ಲ. ಬೈಬಲಿನ ದಾನಿಯೇಲನ ಪುಸ್ತಕದಲ್ಲಿ, ಬೆಂಕಿಯ ಕುಲುಮೆ ಮುಂದೆ ನಿಂತ ಆ ಮೂವರು ಅರಸನಿಗೆ ಏನಂದರು? ನಮ್ಮ ದೇವರು ಬಿಡಿಸಬಲ್ಲ. ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಅಂದರು. ಆ "ಬಿಡಿಸದಿದ್ದರೂ" ಅನ್ನೋ ಭಾಗದಲ್ಲೇ ನಾನು ಬದುಕಿದ್ದೀನಿ ಭಾವ. ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡಲ್ಲ.

ಚಿಕ್ಕಮ್ಮ ಗುಂಪಿನಲ್ಲಿ ಇಷ್ಟುದ್ದ ಬರೆದದ್ದು ನಾನು ನೋಡಿರಲಿಲ್ಲ. ಕೈಮುಗಿದ ಚಿತ್ರ ಬಿಟ್ಟು ಬೇರೇನೂ ಹಾಕುವವರಲ್ಲ. ದೊಡ್ಡಪ್ಪ "ಟೈಪಿಂಗ್" ಅಂತ ತೋರಿಸಿ ನಿಂತರು, ಮತ್ತೆ ತೋರಿಸಿ ನಿಂತರು. ಸುಮ್ಮನಿರಲಾಗದೆ ನಾನು ಬರೆದೆ.

ನಾನು: ದೊಡ್ಡಪ್ಪ, ಬಾಬಣ್ಣ, ಇಬ್ಬರಿಗೂ ಹೇಳ್ತಿದ್ದೀನಿ. ನಾನು ಅದ್ಭುತವನ್ನು ನಂಬ್ತೀನಿ. ಅಜ್ಜಿಯ ಮೂರನೇ ಸಾಲು, ಬೆಳಗಿನ ಜಾವ ಇಳಿದ ಜ್ವರ, ಅದನ್ನೂ ನಂಬ್ತೀನಿ. ಆದರೆ ಬೈಬಲಿನಲ್ಲಿ 2 ಅರಸುಗಳು 4ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನೂ ಜೀತಕ್ಕೆ ಎಳೆದುಕೊಂಡು ಹೋಗಲು ಬಂದಿದ್ದಾನೆ. ಆಕೆ ಹೋಗಿ ಪ್ರವಾದಿ ಎಲೀಷನ ಮುಂದೆ ಗೋಳಿಡ್ತಾಳೆ. ನಿನಗೆ ನಂಬಿಕೆ ಸಾಲದು ಅಂತ ಅವನು ಅನ್ನಲಿಲ್ಲ. ನಾನೇನು ಮಾಡಲಿ ಹೇಳು, ಮನೆಯಲ್ಲಿ ಏನಿದೆ ಅಂತ ಕೇಳಿದ. ಒಂದು ಮೊಗೆ ಎಣ್ಣೆ ಅಂದಳು. ಹೋಗು, ನೆರೆಯವರ ಹತ್ತಿರ ಖಾಲಿ ಪಾತ್ರೆ ಇಸಕೊಂಡು ಬಾ, ಕಡಿಮೆ ತರಬೇಡ ಅಂದ.

ನಾನು: ಎಣ್ಣೆ ಸುರಿದದ್ದು ದೇವರು. ಅದು ನಿಂತದ್ದು ಯಾವಾಗ? ಮಗ ಇನ್ನು ಪಾತ್ರೆ ಇಲ್ಲ ಅಂದಾಗ. ಆ ಬೀದಿಯಲ್ಲಿ ಎಷ್ಟು ಜನ ಪಾತ್ರೆ ಕೊಟ್ಟರೋ ಅಷ್ಟು ಎಣ್ಣೆ. ಅವಳು ಪಾತ್ರೆ ಕೇಳೋಕೆ ಬಂದಾಗ ಯಾರಾದರೂ ಬಾಗಿಲಲ್ಲೇ ನಿಂತು, ದೇವರನ್ನು ನಂಬಮ್ಮ ಅಂತ ಹೇಳಿ ಕಳಿಸಿದ್ದರೆ? ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂತ ಕೊನೆಗೆ ಅಂದದ್ದೂ ಎಲೀಷನೇ. ಅಷ್ಟು ದೊಡ್ಡ ಅದ್ಭುತ ಆದ ಮೇಲೂ ಮಾರೋ ಕೆಲಸ ಅವಳದೇ.

ನಾನು: ದೇವರನ್ನ ನಂಬಿದ್ದೀನಿ ಅಂತ ಕಷ್ಟದಲ್ಲಿರೋಳು ಹೇಳಿದರೆ ನಾನು ತಲೆಬಾಗ್ತೀನಿ. ಅದೇ ಮಾತನ್ನ ಹೊಟ್ಟೆ ತುಂಬಿದೋರು ಅವಳಿಗೆ ಹೇಳಿ ಬಾಗಿಲು ಹಾಕಿಕೊಂಡರೆ, ಅದನ್ನ ಯಾಕೋಬನ ಪತ್ರಿಕೆ 2ನೇ ಅಧ್ಯಾಯದಲ್ಲಿ ಸತ್ತ ನಂಬಿಕೆ ಅಂತ ಕರೆದಿದೆ.

ದೊಡ್ಡಪ್ಪ: ನೀನೂ ನನಗೆ ವಾಕ್ಯ ಹೇಳುವಷ್ಟು ದೊಡ್ಡವಳಾದೆ.

ರಾಜಣ್ಣ: ಅಪ್ಪ, ಅವಳು ನಿಮಗೊಬ್ಬರಿಗೇ ಹೇಳ್ತಿಲ್ಲ.

ಬಾಬಣ್ಣ: ನನಗೆ ಒಂದು ಸಂಶಯ. ಇಸಕೊಂಡ ಪಾತ್ರೆ, ಅಂಚೆಯಲ್ಲಿ ಬಂದ ಹಣ, ಇದನ್ನೆಲ್ಲ ಅದ್ಭುತ ಅಂತ ಯಾಕೆ ಕರೀಬೇಕು? ಜನರ ಒಳ್ಳೇತನ ಅಂದ್ರೆ ಸಾಲದಾ?

ಚಿಕ್ಕಮ್ಮ: ಕೊಡೋನಿಗೆ ಅದು ಒಳ್ಳೇತನ ಬಾಬು. ನಾಳೆ ಹೇಗೆ ಅಂತ ಗೊತ್ತಿಲ್ಲದೆ ಕೂತೋಳಿಗೆ ಅದು ಅದ್ಭುತವೇ. ಅಪ್ಪ ಹೋದ ಮೇಲೆ ನಿನ್ನ ಕೊನೇ ವರ್ಷದ ಫೀಸು ಯಾರು ಕಟ್ಟಿದರು ಅಂತ ನಿನಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಕಟ್ಟಿದ ರಸೀದಿ ಮಾತ್ರ ಮನೆಗೆ ಬಂತು. ಮೂಲ ಕೇಳ್ತೀಯಲ್ಲ, ಅದರ ಮೂಲ ಹುಡುಕಿ ಕೊಡು ನನಗೆ.

ಬಾಬಣ್ಣ ಇದಕ್ಕೆ ಏನೂ ಬರೆಯಲಿಲ್ಲ. ಇಷ್ಟೆಲ್ಲ ಆಗುವ ಹೊತ್ತಿಗೆ ಮೊದಲು ಫಾರ್ವರ್ಡ್ ಮಾಡಿದ ಅತ್ತೆಯನ್ನೇ ನಾವೆಲ್ಲ ಮರೆತಿದ್ದೆವು. ಅದೇ ವಾರ ಇಂಥವೇ ಇನ್ನೂ ಕೆಲವು ಸಂದೇಶ ಅವರಿಂದ ಬಂದಿದ್ದವು, ಎಲ್ಲವೂ ಹಣದ ಅದ್ಭುತದ್ದೇ. ಎಲ್ಲದಕ್ಕೂ ನಮ್ಮ ಆಮೆನ್‌ಗಳು ಸಾಲಾಗಿ ಬಿದ್ದಿದ್ದವು.

ನಾನು: ಅತ್ತೆ, ನೀವು ಯಾಕೆ ಸುಮ್ಮನಾದ್ರಿ? ಮನೆಯಲ್ಲಿ ಎಲ್ಲ ಸರಿ ಇದೆಯಾ?

ಸಣ್ಣತ್ತೆ: ಏನೂ ಇಲ್ಲಮ್ಮ. ನನ್ನಿಂದ ಇಷ್ಟೆಲ್ಲ ಆಯ್ತಲ್ಲ ಅಂತ.

ಚಿಕ್ಕಮ್ಮ: ಪುಟ್ಟೀ, ನಿಜ ಹೇಳು.

ಸಣ್ಣತ್ತೆ: ಅಳಿಯನ ಕೆಲಸ ಹೋಗಿ ಐದು ತಿಂಗಳಾಯ್ತು ಅತ್ತಿಗೆ. ಬಾಡಿಗೆ ಎರಡು ತಿಂಗಳಿಂದ ಬಾಕಿ. ಮಗಳು ಯಾರಿಗೂ ಹೇಳಬೇಡ ಅಂದಿದ್ದಾಳೆ. ಇಸವಿ ತಪ್ಪಿದ್ದು ನನಗೆ ಗೊತ್ತಾಗಲಿಲ್ಲ ಬಾಬು. ಬಾಗಿಲು ಬಡಿಯುತ್ತೆ ಅನ್ನೋ ಕಡೆ ಕಣ್ಣು ನಿಂತಿತು. ಅದಕ್ಕೇ ಕಳಿಸಿದೆ.

ಬಾಬಣ್ಣ: ಅತ್ತೆ, ಮೊದಲೇ ಯಾಕೆ ಹೇಳಲಿಲ್ಲ?

ಸಣ್ಣತ್ತೆ: ಹೇಳಿದ್ರೆ ನಂಬಿಕೆ ಇಲ್ಲ ಅಂತೀರೇನೋ ಅಂದ್ಕೊಂಡೆ.

ರಾಜಣ್ಣ: ಅಯ್ಯೋ ಅತ್ತೆ.

ಬಾಬಣ್ಣ: ಭಾವನ ಬಯೋಡೇಟಾ ಈಗಲೇ ನನಗೆ ಕಳಿಸೋಕೆ ಹೇಳಿ. ನಮ್ಮ ಆಫೀಸಿನಲ್ಲಿ ಅಕೌಂಟ್ಸ್‌ಗೆ ಜನ ಹುಡುಕ್ತಿದ್ದಾರೆ. ಖಂಡಿತ ಸಿಗುತ್ತೆ ಅಂತ ಹೇಳಲ್ಲ, ಮ್ಯಾನೇಜರ್ ಕೈಗೆ ನಾನೇ ಕೊಡ್ತೀನಿ.

ಚಿಕ್ಕಮ್ಮ: ಫೋನ್ ಎತ್ತು ಪುಟ್ಟಿ. ಆಗಿನಿಂದ ಮಾಡ್ತಿದ್ದೀನಿ.

ದೊಡ್ಡಪ್ಪ: ಬಾಕಿ ಇರುವ ಬಾಡಿಗೆ ನನ್ನ ಮೇಲಿರಲಿ. ಮಾತು ಬೆಳೆಸಬೇಡ, ಎಷ್ಟು ಅಂತ ರಾಜುವಿಗೆ ತಿಳಿಸು. ಬಾಬು, ನೀನು ಕೊಟ್ಟ ಇಸವಿ ಸರಿ ಇರಬಹುದು. ಆದರೂ ಅತ್ತೆಗೆ ಹಾಗೆ ಬರೆಯಬಾರದಿತ್ತು.

ಬಾಬಣ್ಣ: ಒಪ್ಪಿದೆ ದೊಡ್ಡಪ್ಪ. ಕ್ಷಮಿಸಿ ಅತ್ತೆ. ದೊಡ್ಡಪ್ಪ, ಅಮ್ಮ ಬರೆದದ್ದಕ್ಕೆ ನೀವಿನ್ನೂ ಏನೂ ಹೇಳಲಿಲ್ಲ.

ದೊಡ್ಡಪ್ಪ: ಅದನ್ನು ಗುಂಪಿನಲ್ಲಿ ಹೇಳುವುದಿಲ್ಲ. ನಾಳೆ ಮನೆಗೆ ಬರುತ್ತೇನೆ.

ಚಿಕ್ಕಮ್ಮ: ಬನ್ನಿ ಭಾವ. ಸಂಜೆ ಐದರ ಮೇಲೆ ಬನ್ನಿ, ಅಲ್ಲಿಯವರೆಗೆ ನಾನು ಪುಟ್ಟಿ ಮನೆಯಲ್ಲಿರ್ತೀನಿ.