ಆರು ವರ್ಷ ಓಪಿಡಿ ಆಯ್ತು, ಈಗ ಅಕ್ಯೂಟ್ ವಾರ್ಡಿಗೆ ಹೋಗುತ್ತಿದ್ದೇನೆ, ಹೇಗೆ ತಯಾರಾಗಲಿ?

ಓಪಿಡಿ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮುಗಿಸಿ ಆರು ವರ್ಷ ಓಪಿಡಿಯಲ್ಲೇ ಇದ್ದೇನೆ. ಬಿಪಿ ನೋಡೋದು, ಇಂಜೆಕ್ಷನ್, ಡ್ರೆಸ್ಸಿಂಗ್, ಶುಗರ್ ಇರುವವರಿಗೆ ಇನ್ಸುಲಿನ್ ಹಾಕಿಕೊಳ್ಳೋದು ಹೇಳಿಕೊಡೋದು, ಎಲ್ಲ ರೂಢಿಯಾಗಿದೆ. ಈಗ ದೊಡ್ಡ ಆಸ್ಪತ್ರೆಯೊಂದರ ಅಕ್ಯೂಟ್ ಮೆಡಿಕಲ್ ವಾರ್ಡಿನಲ್ಲಿ, ಅಂದರೆ ದಿಢೀರ್ ಕಾಯಿಲೆ ಜೋರಾದವರನ್ನು ಸೇರಿಸುವ ವಾರ್ಡಿನಲ್ಲಿ, ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ಖುಷಿ ಇದೆ, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ. ಕ್ಯಾನುಲಾ (ಡ್ರಿಪ್ ಕೊಡೋಕೆ ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿ ವರ್ಷಗಳಾದವು. ಔಷಧಿಯನ್ನು ನಿಧಾನವಾಗಿ ಅಳತೆಯಲ್ಲಿ ಕೊಡುವ ಸಿರಿಂಜ್ ಪಂಪ್ ಮುಟ್ಟಿದ್ದು ಟ್ರೈನಿಂಗ್‌ನಲ್ಲಿ ಮಾತ್ರ. ಇಲ್ಲಿ ಯಾರಿಗಾದರೂ ಉಸಿರು ಕಷ್ಟವಾದರೆ ತಕ್ಷಣ ಎಮರ್ಜೆನ್ಸಿಗೆ ಕಳಿಸುತ್ತಿದ್ದೆವು, ಇನ್ನು ಮುಂದೆ ನಾನೇ ನೋಡಿಕೊಳ್ಳಬೇಕು ಅಲ್ವಾ? ಏನು ಓದಲಿ, ಏನು ಅಭ್ಯಾಸ ಮಾಡಲಿ? ಇದ್ದದ್ದು ಇದ್ದ ಹಾಗೆ ಹೇಳಿ.

ನೈಟ್ ಡ್ಯೂಟಿ:
ಕ್ಯಾನುಲಾ, ಪಂಪ್ ಚಿಂತೆ ಬಿಡಿ ಸಿಸ್ಟರ್, ದಿನಾ ಮಾಡುತ್ತಾ ಕೈ ತಾನಾಗಿ ಕೂರುತ್ತದೆ. ಜಾಸ್ತಿ ಟೈಮ್ ಹಿಡಿಯೋದು ಬೇರೆ: ರೋಗಿ ಹದಗೆಡುತ್ತಿದ್ದಾರೆ ಅಂತ ಮಾನಿಟರ್ ಕೂಗೋಕೆ ಮುಂಚೆಯೇ ನಿಮಗೆ ಗೊತ್ತಾಗಬೇಕು. ನಾನೂ ಓಪಿಡಿಯಿಂದ ಬಂದವಳೇ. ಎರಡನೇ ವಾರ, ನೈಟ್ ಡ್ಯೂಟಿ, ನ್ಯುಮೋನಿಯಾ ಅಂತ ಸೇರಿದ್ದ ಅಜ್ಜ ಒಬ್ಬರಿದ್ದರು. ಬಿಪಿ ಸರಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 95, ಚಾರ್ಟಿನಲ್ಲಿ ಉಸಿರು ಪ್ರತಿ ಸಲವೂ ನಿಮಿಷಕ್ಕೆ 18 ಅಂತಲೇ ಬರೆದಿತ್ತು. ಸಂಜೆ ಮೊಮ್ಮಕ್ಕಳ ವಿಷಯ ಬಿಡದೆ ಹೇಳುತ್ತಿದ್ದವರು ಈಗ ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ನನಗೆ ಯಾಕೋ ಸರಿ ಕಾಣಲಿಲ್ಲ. ಹೊದಿಕೆ ಸರಿಸಿ, ಎದೆ ನೋಡುತ್ತಾ, ಪೂರ್ತಿ ಒಂದು ನಿಮಿಷ ಎಣಿಸಿದೆ. 30. ಡಾಕ್ಟರನ್ನು ಕರೆಸಿದೆ, ಬೆಳಗಾಗೋಕೆ ಮುಂಚೆ ಅವರನ್ನು ಐಸಿಯುಗೆ ಶಿಫ್ಟ್ ಮಾಡಿದರು. ದಿನವಿಡೀ ರೋಗಿಗಳ ಜೊತೆ ಮಾತಾಡಿದ ಕಿವಿಗೆ ಅದು ಗೊತ್ತಾಯಿತು. ಆ ಕಿವಿ ನಿಮಗೂ ಇದೆ.

ನ್ಯೂಸ್ 2 (NEWS2) ಸ್ಕೋರ್ ಕಲಿತುಕೊಂಡು ಹೋಗಿ, ರೋಗಿ ಹದಗೆಡೋದನ್ನು ಮೊದಲೇ ತೋರಿಸುವ ಅಂಕಪಟ್ಟಿ ಅದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ್ದು. ಉಸಿರು, ಸ್ಯಾಚುರೇಶನ್, ಆಕ್ಸಿಜನ್ ಹಾಕಿದೆಯಾ, ಮೇಲಿನ ಬಿಪಿ, ನಾಡಿ, ಎಚ್ಚರ, ಜ್ವರ, ಒಂದೊಂದಕ್ಕೂ ಅಂಕ. ಒಟ್ಟು 5 ಆದರೆ ಡಾಕ್ಟರ್ ಬೇಗ ನೋಡಬೇಕು, 7 ಮುಟ್ಟಿದರೆ ಎಮರ್ಜೆನ್ಸಿ. ಉಸಿರು 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೊಂದಕ್ಕೇ 3 ಅಂಕ.

ವಾರ್ಡ್ ಇನ್‌ಚಾರ್ಜ್:
ಹೊಸಬರು ಸುಸ್ತಾಗೋದು ಟೈಮ್ ಹೊಂದಿಸೋದರಲ್ಲಿ. ಓಪಿಡಿಯಲ್ಲಿ ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು ಕೂರುತ್ತಾರೆ. ವಾರ್ಡಿನಲ್ಲಿ ಯಾರೂ ಎದ್ದು ಹೋಗಲ್ಲ, ಎಲ್ಲರದೂ ಒಟ್ಟಿಗೇ ನಡೆಯುತ್ತಿರುತ್ತದೆ. ಹಿಂದಿನ ಶಿಫ್ಟಿನವರಿಂದ ಹ್ಯಾಂಡೋವರ್ ತಗೊಳ್ಳುವಾಗಲೇ ಒಂದು ಹಾಳೆಯಲ್ಲಿ ಬೆಡ್ಡಿಗೊಂದು ಸಾಲು, ಗಂಟೆಗೊಂದು ಮನೆ ಗೆರೆ ಹಾಕಿ. ಯಾರಿಗೆ ಎಷ್ಟು ಹೊತ್ತಿಗೆ ಆಂಟಿಬಯೋಟಿಕ್, ಯಾರ ಡ್ರಿಪ್ ಯಾವಾಗ ಮುಗಿಯುತ್ತದೆ, ಯೂರಿನ್ ಎಷ್ಟು ಬಂತು, ಎಲ್ಲ ಅದರಲ್ಲಿರಲಿ. ದೊಡ್ಡವರಲ್ಲಿ ಗಂಟೆಗೆ ಕೆಜಿಗೆ 0.5 ಎಂಎಲ್‌ಗಿಂತ ಕಡಿಮೆ ಬರುತ್ತಾ ಹೋದರೆ, ಅಂದರೆ 60 ಕೆಜಿ ಇರುವವರಿಗೆ 30 ಎಂಎಲ್‌ಗಿಂತ ಕಡಿಮೆ, ಸುಮ್ನೆ ಬರೆದು ಬಿಡಬೇಡಿ, ಹೇಳಿ. ಇನ್ನೊಂದು, ಪೊಟ್ಯಾಶಿಯಂ ಕ್ಲೋರೈಡ್ ಯಾವತ್ತೂ ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ಪುಶ್ ಮಾಡಬಾರದು, ಹೃದಯ ನಿಂತುಹೋಗಬಹುದು. ಯಾರೇ ಅವಸರ ಮಾಡಿದರೂ ಸರಿ. ಇನ್ಸುಲಿನ್ ಡೋಸನ್ನು ಪಕ್ಕದ ಸಿಸ್ಟರ್‌ಗೆ ತೋರಿಸಿಯೇ ಕೊಡಿ.

ಹಳೆ ಸ್ಟಾಫ್:
ಸೇರೋಕೆ ಮುಂಚೆ ಎರಡು ವಿಷಯ ಕೇಳಿ. ಎಷ್ಟು ವಾರ ಸೀನಿಯರ್ ಜೊತೆ ಹಾಕುತ್ತಾರೆ? ಒಂದು ಶಿಫ್ಟಿಗೆ ನಿಮಗೆ ಎಷ್ಟು ರೋಗಿಗಳು? ನನ್ನನ್ನು ಮೂರನೇ ದಿನವೇ ಒಬ್ಬಳನ್ನೇ ಬಿಟ್ಟಿದ್ದರು, ಆ ಭಯ ಹೋಗೋಕೆ ತಿಂಗಳುಗಳೇ ಬೇಕಾದವು. ಸರಿಯಾಗಿ ಉತ್ತರ ಕೊಡದಿದ್ದರೆ ಇನ್ನೊಂದು ಕಡೆ ನೋಡಿ.

ಓಪಿಡಿ ಸಿಸ್ಟರ್:
ತುಂಬಾ ಥ್ಯಾಂಕ್ಸ್. ನಾಳೆಯೇ ಫೋನ್ ಮಾಡಿ ಕೇಳುತ್ತೇನೆ. ಇನ್ನೊಂದು ಭಯ ಇದೆ, ರಾತ್ರಿ ಎರಡು ಗಂಟೆಗೆ ಡಾಕ್ಟರನ್ನು ಎಬ್ಬಿಸಿ, ಕೊನೆಗೆ ಏನೂ ಇಲ್ಲ ಅಂತಾದರೆ?

ನೈಟ್ ಡ್ಯೂಟಿ:
ಬೈದರೆ ಬೈಯಲಿ, ಕರೆಯಿರಿ. ಈಗ ಏನಾಗಿದೆ, ಯಾಕೆ ಅಡ್ಮಿಟ್ ಆಗಿದ್ದಾರೆ, ನಿಮಗೆ ಏನನ್ನಿಸುತ್ತಿದೆ, ಅವರಿಂದ ಏನು ಬೇಕು, ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಹೇಳಿ. ಕೊನೆಯದನ್ನೇ ಹೊಸಬರು ನುಂಗಿಬಿಡುತ್ತಾರೆ. "ಈಗಲೇ ಬಂದು ನೋಡಿ ಡಾಕ್ಟರ್" ಅಂತ ಬಾಯಿಬಿಟ್ಟು ಹೇಳಿ. ಫೋನ್ ಎತ್ತುವಾಗ ಚಾರ್ಟ್ ಕೈಯಲ್ಲಿರಲಿ, ಉಸಿರು ಎಣಿಸಿ ಆಗಿರಲಿ.