ಬಯಲು ಯಾರ್ಡಿನ 10 ಟನ್ ಗೋಲಿಯಾತ್ ಕ್ರೇನಿಗೆ ಗಾಲಿ: ಆರ್ಡರಿನಾಗ ಏನೇನು ಬರಸ್ಬೇಕು?

ತಾರಿಹಾಳ ಯಾರ್ಡ್ (ಪ್ರಶ್ನೆ)

ನಮಸ್ಕಾರ್ರಿ. ತಾರಿಹಾಳದಾಗ ಬಯಲಿನ ಸ್ಟೀಲ್ ಯಾರ್ಡ್. 10 ಟನ್ ಗೋಲಿಯಾತ್ (ಕಾಲ ಮ್ಯಾಲೆ ನಿಂತು ನೆಲದ ಹಳಿಗುಂಟ ಓಡೋ ಕ್ರೇನ್), ಸ್ಪ್ಯಾನ್ ಅಂದ್ರ ಎರಡು ಹಳಿ ನಡುವಿನ ಅಂತರ 18 ಮೀಟರ್, ಹಳಿ 100 ಮೀಟರ್, ಒಂದೇ ಹಳಿ ಮ್ಯಾಲಿನ ಎರಡು ಗಾಲಿ ನಡುವ 4 ಮೀಟರ್. ಹುಕ್ಕು ಹೊತ್ತು ಗರ್ಡರ್ ಮ್ಯಾಲೆ ಓಡೋ ಟ್ರಾಲಿ 1.5 ಟನ್, ಉಳಿದ ಕ್ರೇನ್ 14 ಟನ್. ನಾಲ್ಕು ಗಾಲಿ, ಕಡೆಗೊಂದರಂತೆ ಎರಡಕ್ಕ ಮೋಟಾರು. ಹಳಿ ಹಳೇ ರೈಲ್ವೆದ್ದು, ಮೀಟರಿಗೆ 52 ಕೆ.ಜಿ. ತೂಕದ್ದು. ಈಗಿನ 315 ಮಿ.ಮೀ. ಗಾಲಿಗಳ ಫ್ಲ್ಯಾಂಜು (ಹಳಿ ಬಿಟ್ಟು ಇಳೀದಂಗ ತಡಿಯೋ ಅಂಚು) ಸವದು ಚಾಕು ಆಗ್ಯಾವು, ಟ್ರೆಡ್ (ಹಳಿ ಮ್ಯಾಲೆ ಉರುಳೋ ಮೈ) ಮ್ಯಾಲೆ ಚಕ್ಕೆ ಏಳಾಕತ್ತಾವು. ಹೊಸಾ ಕೊಟೇಶನ್ನಿನಾಗ "ಎನ್-9, ಹಾರ್ಡನ್ ಮಾಡಿದ್ದು" ಅಂತ (ಎನ್-9 ಅಂದ್ರ ಒಂದು ದರ್ಜೆ ಉಕ್ಕು) ಒಂದೇ ಸಾಲು ಐತಿ. ಅಷ್ಟ ಸಾಕೇನ್ರಿ?

ಲೆಕ್ಕದ ಹಾಳಿ

ಸಾಲಂಗಿಲ್ರಿ. ಮೊದಲು ಒಂದು ಗಾಲಿ ಮ್ಯಾಲಿನ ಭಾರ ತಗೀರಿ.

ಟ್ರಾಲಿ ಬಿಟ್ಟು ಕ್ರೇನ್ 14 ಟನ್, ನಾಲ್ಕು ಭಾಗ ಮಾಡಿದ್ರ 3.5. ಟ್ರಾಲಿ ಮತ್ತ ಮಾಲು ಕೂಡಿ 11.5 ಟನ್. ಹುಕ್ಕು ಒಂದು ಹಳಿಗೆ 1 ಮೀಟರ್ ಸಮೀಪ ಬಂತಂದ್ರ ಆ ಕಡೆ 17/18 ಪಾಲು, ಅದನ್ನ ಎರಡು ಗಾಲಿಗೆ ಹಂಚಿದ್ರ 5.4. ಒಟ್ಟು 8.9 ಟನ್, ಅಂದ್ರ 88 ಕಿಲೋನ್ಯೂಟನ್. ಖಾಲಿ ಇದ್ದಾಗ, ಟ್ರಾಲಿ ಆಚೆ ತುದಿಗೆ ಹೋದಾಗ, ಅದೇ ಗಾಲಿ ಮ್ಯಾಲೆ 35. ಹೆಚ್ಚಿಂದಕ್ಕ ಎರಡು ಪಾಲು, ಕಡಿಮಿದಕ್ಕ ಒಂದು ಪಾಲು ಕೊಟ್ಟು ಸರಾಸರಿ ತಗದ್ರ 70.

52 ಕೆ.ಜಿ. ಹಳಿ ತಲಿ 67 ಮಿ.ಮೀ. ಅಗಲ. ಎರಡೂ ಅಂಚಿನ 13ರ ರೇಡಿಯಸ್ ಕಳದ್ರ ಭಾರ ಹೊರೂದು 41. ಗಾಲಿ ತಾಳೋ ಒತ್ತಡ 5.6 ನ್ಯೂಟನ್/ಚ.ಮಿ.ಮೀ. ಹಿಡದ್ರ ವ್ಯಾಸ 70,000 ÷ (5.6 × 41) = 305. ಕಾಗದದ ಮ್ಯಾಲೆ 315 ಪಾಸ್ ಆಗ್ತದ.

ಆದ್ರ ಇದು ಶೆಡ್ಡಿನ ಒಳಗಿನ ಲೆಕ್ಕ. ಬಯಲಾಗ ಕೆಲಸದ ಹೊತ್ತಿನ ಗಾಳಿ ಸೆಕೆಂಡಿಗೆ 20 ಮೀಟರ್, ಒತ್ತಡ 250 ಪ್ಯಾಸ್ಕಲ್ ಅಂತ ಹಿಡೀಬೇಕು. ಗರ್ಡರು, ಕಾಲು, ಮಾಲು ಎಲ್ಲಾ ಸೇರಿ 40 ಚದರ ಮೀಟರ್ ಅಂದ್ರ 10 ಕಿಲೋನ್ಯೂಟನ್. ಅದು 8 ಮೀಟರ್ ಎತ್ತರದಾಗ ನೂಕಿದ್ರ, 4 ಮೀಟರ್ ಅಂತರದ ಗಾಲಿಗಳ ಪೈಕಿ ಗಾಳಿ ಮರಿಯ ಎರಡರ ಮ್ಯಾಲೆ ತಲಾ 10 ಹೆಚ್ಚು ಬೀಳ್ತದ. ಸರಾಸರಿ 77, ವ್ಯಾಸ 335. ಹಳಿ ಒಂದೀಟು ಏರುಪೇರಾದ್ರ ಮೂರ ಗಾಲಿ ಮ್ಯಾಲೆ ಕ್ರೇನ್ ಕುಂದರ್ತದ, ಅದಕ್ಕೂ ಜಾಗಾ ಬೇಕಲ್ಲ. 400 ಹಾಕ್ರಿ. ನಿಮಿಷಕ್ಕ 30 ಮೀಟರ್ ಸ್ಪೀಡಿಗೆ ಗಾಲಿ ನಿಮಿಷಕ್ಕ 24 ಸುತ್ತು, ನಿಮಿಷಕ್ಕ 1440 ಸುತ್ತಿನ ಮೋಟಾರಿಗೆ ಗೇರ್ ಅನುಪಾತ 60. ಹಳೇ ಗೇರ್‌ಬಾಕ್ಸ್ ಹಂಗ ಇಟ್ಟು ಗಾಲಿ ಅಷ್ಟ ದೊಡ್ಡದು ಮಾಡಿದ್ರ ಸ್ಪೀಡೂ ಏರ್ತದ, ಮೋಟಾರ್ ಮ್ಯಾಲಿನ ಹೊರೀನೂ ಏರ್ತದ.

ಎಲ್ ಬ್ಲಾಕ್

ಚಕ್ಕೆ ಏಳುವುದಕ್ಕೆ ಕಾರಣ ಬಹುತೇಕ ತೆಳು ಹಾರ್ಡನಿಂಗ್. ಈ ಭಾರಕ್ಕೆ ಗರಿಷ್ಠ ಕತ್ತರಿ ಒತ್ತಡ ಇರುವುದು ಮೇಲ್ಮೈಯಲ್ಲಲ್ಲ, ಸುಮಾರು 2 ಮಿ.ಮೀ. ಒಳಗೆ. ಇಂಡಕ್ಷನ್‌ನಲ್ಲಿ (ವಿದ್ಯುತ್ ಸುರುಳಿಯಿಂದ ಮೇಲ್ಮೈ ಕಾಯಿಸಿ ಗಟ್ಟಿ ಮಾಡುವ ವಿಧಾನ) 2-3 ಮಿ.ಮೀ. ಮಾತ್ರ ಗಟ್ಟಿ ಮಾಡಿದರೆ ಗಟ್ಟಿ ಪದರ ಮುಗಿಯುವ ಜಾಗವೂ ಒತ್ತಡದ ಜಾಗವೂ ಒಂದೇ ಆಗುತ್ತದೆ. ಬಿರುಕು ಅಲ್ಲೇ ಹುಟ್ಟಿ ಪದರ ಹಪ್ಪಳದಂತೆ ಎದ್ದು ಬರುತ್ತದೆ.

ಹಾಗಾಗಿ ಆರ್ಡರಿನಲ್ಲಿ ಹೀಗೆ ಬರೆಸಿ: ಫೋರ್ಜ್ ಮಾಡಿದ ಗಾಲಿ, ಟ್ರೆಡ್ ಮತ್ತು ಫ್ಲ್ಯಾಂಜಿನ ಒಳಮುಖ 300ರಿಂದ 350 ಬಿಎಚ್‌ಎನ್ (ಬ್ರಿನೆಲ್ ಗಡಸುತನದ ಅಳತೆ), ಮಷಿನಿಂಗ್ ಮುಗಿದ ಮೇಲೆ ಕನಿಷ್ಠ 10 ಮಿ.ಮೀ. ಆಳದವರೆಗೆ. ಗಡಸುತನವನ್ನು ಟ್ರೆಡ್ ಸುತ್ತ 120 ಡಿಗ್ರಿಗೊಂದರಂತೆ ಮೂರು ಕಡೆ ಅಳೆದು ಕೊಡಬೇಕು. ಒಳಗಿನ ಬಿರುಕು ಪತ್ತೆ ಮಾಡುವ ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಪ್ರತಿ ಗಾಲಿಗೂ ಬೇಕು. ಎನ್-9ರಲ್ಲಿ ಆ ಆಳ ಬರುವುದಿಲ್ಲ ಎಂದು ತಯಾರಕರು ಹೇಳಿದರೆ ಎನ್-19 ಮಿಶ್ರಲೋಹದ ಉಕ್ಕಿಗೆ ಹೋಗಿ. ದರ ಜಾಸ್ತಿ, ಆದರೆ ಒಳಗಿನವರೆಗೂ ಗಟ್ಟಿಯಾಗುತ್ತದೆ.

ಅಳತೆ: ಟ್ರೆಡ್ ಅಗಲ 90. ಅಂದರೆ 67ರ ಹಳಿಗೆ ಒಟ್ಟು 23 ಸಡಿಲ. ಶೆಡ್ಡಿನ ಕ್ರೇನಿಗೆ ಇದು ಹೆಚ್ಚೇ, ಬಯಲಿಗೆ ಬೇಕು. 18 ಮೀಟರ್ ಗರ್ಡರು 30 ಡಿಗ್ರಿ ಬಿಸಿಯೇರಿದರೆ 6.5 ಮಿ.ಮೀ. ಹಿಗ್ಗುತ್ತದೆ. ಫ್ಲ್ಯಾಂಜ್ ಎರಡೂ ಕಡೆ, ಎತ್ತರ 25, ಬುಡದಲ್ಲಿ ದಪ್ಪ 20ಕ್ಕಿಂತ ಕಡಿಮೆ ಬೇಡ. ಫ್ಲ್ಯಾಂಜ್ ಬುಡದ ರೇಡಿಯಸ್ ಹಳಿಯ 13ಕ್ಕಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಗಾಲಿ ಅಂಚಿನ ಮೇಲೆ ಹತ್ತುತ್ತದೆ.

ಮೋಟಾರಿರುವ ಎರಡು ಗಾಲಿಗಳ ವ್ಯಾಸದ ವ್ಯತ್ಯಾಸ 0.05 ಮಿ.ಮೀ. ಮೀರದಂತೆ ಜೋಡಿ ಮಾಡಿ ಕೊಡಲು ಹೇಳಿ. 400ರಲ್ಲಿ 0.1 ವ್ಯತ್ಯಾಸವಾದರೂ 100 ಮೀಟರ್ ಹೋಗುವಷ್ಟರಲ್ಲಿ ಒಂದು ಕಡೆ 25 ಮಿ.ಮೀ. ಮುಂದೆ ಹೋಗಿರುತ್ತದೆ. ಆಮೇಲೆ ಕ್ರೇನನ್ನು ನೇರ ಮಾಡುವ ಕೆಲಸ ಫ್ಲ್ಯಾಂಜಿನದು. ಬೇರಿಂಗ್ ಸ್ಫೆರಿಕಲ್ ರೋಲರ್, ಎಲ್ ಬ್ಲಾಕಿನಲ್ಲಿ (ಎಲ್ ಆಕಾರದ ಬೇರಿಂಗ್ ಮನೆ), ಲ್ಯಾಬಿರಿಂತ್ ಸೀಲಿನೊಂದಿಗೆ (ನೀರು-ಧೂಳು ತಡೆಯುವ ಅಂಕುಡೊಂಕು ಸಂದಿನ ಸೀಲು). ಗ್ರೀಸ್ ನಿಪ್ಪಲ್ ಹೊರಗಿಂದ ಕೈಗೆ ಸಿಗಬೇಕು. ಮಳೆಗಾಲದಲ್ಲಿ ಹಳೆಯ ಗ್ರೀಸ್ ಸೀಲಿನಿಂದ ಹೊರಬರುವವರೆಗೆ ಹೊಡೆಯಿರಿ, ನೀರು ಅದರ ಜೊತೆಗೇ ಹೋಗುತ್ತದೆ.

ತಾರಿಹಾಳ ಯಾರ್ಡ್

ಹಳಿಗಿಂತ ಗಾಲಿ ಮೆತ್ತಗಿರ್ಬೇಕು, ಇಲ್ಲಾಂದ್ರ ಹಳಿ ಸವೀತದ ಅಂತಾರಲ್ರಿ?

ಎಲ್ ಬ್ಲಾಕ್

880 ದರ್ಜೆಯ ಹಳಿ ಸುಮಾರು 260 ಬಿಎಚ್‌ಎನ್. ಹಳಿಯ ಒಂದು ಜಾಗದ ಮೇಲೆ ಗಾಲಿ ದಿನಕ್ಕೆ ಕೆಲವು ಸಲ ಹಾಯುತ್ತದೆ. ಗಾಲಿಯ ಒಂದು ಬಿಂದು ಪ್ರತಿ 1.26 ಮೀಟರಿಗೊಮ್ಮೆ ಭಾರ ಹೊರುತ್ತದೆ. ಗಟ್ಟಿ ಇರಬೇಕಾದದ್ದು ಗಾಲಿಯೇ. 400 ಬಿಎಚ್‌ಎನ್ ದಾಟಿಸಬೇಡಿ, ಅಷ್ಟೇ.

ಎರಿ ಹೊಲ

ಗಾಲಿ ಎಷ್ಟರ ಚಲೋ ತರ್ರಿ, ಹಳಿ ಬುಡ ನೋಡಲಿಲ್ಲಂದ್ರ ವರ್ಷದಾಗ ಫ್ಲ್ಯಾಂಜ್ ಮತ್ತ ಚಾಕು ಆಗ್ತದ. ಎರಿ ಮಣ್ಣು ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗೆ ಬಿರೀತದ. ಮ್ಯಾಲಿನ ಮಣ್ಣಿನಾಗ ಬೀಮ್ ಕುಂದರಿಸಿದ್ರ ಗೇಜು (ಎರಡು ಹಳಿ ನಡುವಿನ ಅಂತರ) ಹಿಗ್ಗತದ, ಕುಗ್ಗತದ. ಬೀಮಿನ ಬುಡಕ ಗಟ್ಟಿ ಮುರುಮ್ ಹತ್ತೋತನಾ ಅಗದು ತುಂಬಬೇಕು, ಇಲ್ಲಾಂದ್ರ ಪೈಲ್. ಹಳಿ ಗುಂಟ ಗಟಾರು ಬೇಕ ಬೇಕು.

ಗೇಜು ಮುಂಜಾನೆ ಬಿಸಲೇರೂದ್ರಾಗ ಅಳೀರಿ, 10 ಮೀಟರಿಗೊಂದ ಸಲ. ±5 ಮಿ.ಮೀ. ಒಳಗ ಇರಬೇಕು. ಮಳಿಗಾಲ ಮುಗದ ಮ್ಯಾಲೆ ಒಮ್ಮೆ, ಏಪ್ರಿಲ್‌ದಾಗ ಒಮ್ಮೆ ಅಳದು ಎರಡೂ ಪಟ್ಟಿ ಬಾಜೂಕ ಇಟ್ಟು ನೋಡಿದ್ರ ಮಣ್ಣಿನ ಆಟ ಗೊತ್ತಾಗ್ತದ.

ಇನ್ನೊಂದು: ಹಳಿ ಜೋಡಿ ರೈಲ್ವೆ ಸಿಮೆಂಟ್ ಸ್ಲೀಪರೂ ತಂದು ಹಾಕ್ಯಾರೇನು ನೋಡ್ರಿ. ಅದರಾಗ ಹಳಿ 20ಕ್ಕ 1ರಂಗ ಒಳಕ್ಕ ವಾಲಿರ್ತದ. ರೈಲಿನ ಗಾಲಿಗೆ ಅದು ಸರಿ, ಕ್ರೇನಿನ ಸಪಾಟ ಗಾಲಿ ಬರೇ ಒಂದು ಅಂಚಿನ ಮ್ಯಾಲೆ ಓಡ್ತದ. ಟ್ರೆಡ್ ಒಂದ ಕಡೆ ಹೊಳೀತಿದ್ರ ಇದ ಕಾರಣ.

ಲೆಕ್ಕದ ಹಾಳಿ

ಬ್ರೇಕಿನ ಮಾತು ಉಳೀತು. ಖಾಲಿ ಕ್ರೇನ್ 15.5 ಟನ್, ಬ್ರೇಕ್ ಇರೂವು ಎರಡ ಗಾಲಿ, ಅವುಗಳ ಮ್ಯಾಲೆ 76 ಕಿಲೋನ್ಯೂಟನ್. ಒದ್ದಿ ಹಳಿ ಮ್ಯಾಲೆ ಘರ್ಷಣೆ 0.12 ಹಿಡದ್ರ ಹಿಡಿತ 9. ಗಾಳಿ ನೂಕೂದು 10. ಬ್ರೇಕ್ ಬಿಗಿಯಾಗಿದ್ರೂ ಗಾಲಿ ತಿರುಗದ ಜಾರ್ತಾವು, ಟ್ರೆಡ್ ಮ್ಯಾಲೆ ಚಪ್ಪಟಿ ಕಲಿ ಬೀಳ್ತದ. ಮೇ ತಿಂಗಳ ಸಂಜಿ ಗಾಳಿ-ಮಳಿ ಯಾರನ್ನೂ ಕೇಳಿ ಬರಂಗಿಲ್ಲ. ಸೆಕೆಂಡಿಗೆ 39 ಮೀಟರ್ ಹಿಡದ್ರ 910 ಪ್ಯಾಸ್ಕಲ್, 36 ಕಿಲೋನ್ಯೂಟನ್. ನಾಲ್ಕೂ ಗಾಲಿಗೆ ಬ್ರೇಕ್ ಕೊಟ್ರೂ ಹಿಡಿತ 18 ಅಷ್ಟ. ನಿಮ್ಮ ಜಾಗಾದ ಗಾಳಿ ವೇಗ ಐಎಸ್ 875 (ಭಾರತದ ಮಾನಕ) ಮೂರನೇ ಭಾಗದ ನಕ್ಷೆಯಾಗ ನೋಡಿ ಹಾಕ್ರಿ. ಗಾಲಿ ಜೋಡಿ ಹಳಿ ಹಿಡದು ನಿಲ್ಲಿಸೋ ರೈಲ್ ಕ್ಲ್ಯಾಂಪೂ ಆರ್ಡರಿಗೆ ಸೇರಲಿ, ನಿಲ್ಲಿಸೋ ಜಾಗಾದಾಗ ನೆಲಕ್ಕ ಪಿನ್ ಹಾಕೋ ಆಂಕರೂ ಇರಲಿ. ಕ್ಲ್ಯಾಂಪ್ ಹಾಕಿದಾಗ ಎಲ್‌ಟಿ ಮೋಟಾರ್ (ಕ್ರೇನನ್ನ ಹಳಿಗುಂಟ ಓಡಿಸೋದು) ಚಾಲೂ ಆಗದಂಗ ಲಿಮಿಟ್ ಸ್ವಿಚ್ ಜೋಡಸ್ರಿ. ಕ್ಲ್ಯಾಂಪ್ ಬಿಚ್ಚೂದು ಮರತು ಸ್ವಿಚ್ ಒತ್ತಿದ್ರ ಮೊದಲು ಹೋಗೂದು ಗೇರ್‌ಬಾಕ್ಸಿನ ಕೀ.